ಮೋಟಾರಿಗೆ ಗೊಟ್ಟ

ಶಹಾಪುರದಲ್ಲಿ ಹುಲಗಪ್ಪ ಎಂಬ ಹೆಸರಿನವರು ಓಣಿಗೊಬ್ಬರಾದರೂ ಸಿಗುತ್ತಿದ್ದರು. ಡ್ರೈವರ್ ಹುಲಗಪ್ಪ ಮಾತ್ರ ಒಬ್ಬನೇ. ಊರಿನಲ್ಲಿ ಸ್ವಂತದ ಮೋಟಾರು ಇದ್ದದ್ದೇ ಒಂದಾದ್ದರಿಂದ ಇದೇನು ದೊಡ್ಡ ಸಾಧನೆಯಲ್ಲ. ಆದರೆ ಅವನ ನಡಿಗೆ ನೋಡಿದರೆ ಯಾರಿಗೂ ಹಾಗೆ ಅನ್ನಿಸುತ್ತಿರಲಿಲ್ಲ. ಖಾಕಿ ಕೋಟಿನ ಗುಂಡಿಗಳನ್ನು ಕೊರಳತನಕ ಹಾಕಿಕೊಂಡು, ಕಿವಿಯ ಮೇಲೆ ಬೀಡಿ ಸಿಗಿಸಿಕೊಂಡು ಅವನು ಬಜಾರದಲ್ಲಿ ಬಂದನೆಂದರೆ, ನಿಜಾಮನ ಕಾಲದ ಪೊಲೀಸ್ ಅಮೀನ ಸಾಹೇಬನೇ ತಿರುಗಿ ಬಂದನೇನೋ ಎಂದು ಕಟ್ಟೆಯ ಮೇಲಿನ ಮುದುಕರು ಕಾಲು ಮಡಚಿಕೊಳ್ಳುತ್ತಿದ್ದರು. ನಿಜಾಮನ ಆಳ್ವಿಕೆ ಮುಗಿದು ಹೈದರಾಬಾದು ಭಾರತದಲ್ಲಿ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಹೆದರುವ ಚಾಳಿ ಮಾತ್ರ ಎಲ್ಲಿಯೂ ಸೇರದೆ ಊರಲ್ಲೇ ಉಳಿದಿತ್ತು.

ಹುಲಗಪ್ಪ ಹುಟ್ಟಿದ್ದು ಕಕ್ಕೇರಾ ಕಡೆಯ ಕುರಿಗಾರರ ಮನೆಯಲ್ಲಿ. ಕಂಬಳಿ ಹೊದ್ದು, ಕುರಿ ಹಿಕ್ಕೆಯ ವಾಸನೆಯಲ್ಲಿ ಮಲಗಿ ಎದ್ದವನು. ಅದರ ಮೇಲೆ ಅವನಿಗೆ ಎಂಥ ಹೇಸಿಗೆ ಬಂದಿತ್ತೆಂದರೆ, ಮೀಸೆ ಮೂಡುವ ಮೊದಲೇ ಯಾದಗಿರಿಗೆ ಓಡಿಹೋಗಿ ಶೇಂಗಾ ಸಾಗಿಸುವ ಲಾರಿಯೊಂದರ ಮೇಲೆ ಕ್ಲೀನರ್ ಆಗಿ ನಿಂತುಬಿಟ್ಟಿದ್ದ. ಆ ಲಾರಿಯ ಡ್ರೈವರ್ ಘಾಟಿ ಮನುಷ್ಯ. ಸ್ಟೀರಿಂಗ್ ಹಿಡಿಯುವುದು, ಗೇರ್ ಹಾಕುವುದು, ಕಿಟಕಿಯಿಂದ ಎಲೆಯಡಿಕೆ ಉಗುಳುವುದು, ಎತ್ತಿನ ಗಾಡಿಯವರಿಗೆ ಹುಟ್ಟಿದ ದಿನ ನೆನಪಾಗುವಂತೆ ಬೈಯುವುದು ಎಲ್ಲವನ್ನೂ ಕಲಿಸಿದ. ಬಾನೆಟ್ ಎತ್ತುವ ಹೊತ್ತು ಬಂದಾಗ ಮಾತ್ರ, "ಹೋಗಲೇ, ಬಾವಿಗಿ ಹೋಗಿ ನೀರ ತಗೊಂಡ ಬಾ," ಎಂದು ಕೊಡ ಕೊಟ್ಟು ಓಡಿಸುತ್ತಿದ್ದ. ವಿದ್ಯೆ ಪೂರಾ ಬಿಟ್ಟುಕೊಟ್ಟರೆ ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆಂಬ ಭಯ ಅವನಿಗೆ. ಹೀಗಾಗಿ ಹುಲಗಪ್ಪ ಸಂಪೂರ್ಣ ಡ್ರೈವರ್ ಆಗಿ ಹೊರಬಿದ್ದ. ಇಂಜಿನ್ನಿನ ವಿಷಯವೊಂದನ್ನು ಬಿಟ್ಟು.

ಅವನ ಧಣಿ ಭಗವಂತರಾಯ ಸಾಹುಕಾರರು. ನಿಜಾಮನ ಕಾಲದಲ್ಲಿ ತಹಶೀಲ್ದಾರರ ಕಚೇರಿಯ ಮುಂದೆ ರೂಮಿ ಟೋಪಿ ಹಾಕಿಕೊಂಡು ನಡು ಬಗ್ಗಿಸಿ ಸಲಾಮು ಹೊಡೆಯುತ್ತಿದ್ದವರು, ಭಾರತದ ಸೈನ್ಯ ಬಂದ ಮರುದಿನ ಮುಂಜಾನೆಯೇ ಬಿಳಿ ಟೋಪಿಯಲ್ಲಿ ಕಾಣಿಸಿಕೊಂಡರು. ಅಷ್ಟು ಜಲ್ದಿ ಅದನ್ನು ಎಲ್ಲಿ ಹೊಲಿಸಿದರೋ ಊರಿಗೆ ಇವತ್ತಿಗೂ ಗೊತ್ತಿಲ್ಲ. ಎಣ್ಣೆಯ ಗಾಣ, ಹತ್ತಿಯ ವ್ಯಾಪಾರ, ನದಿಯ ದಂಡೆಯ ಕರಿಭೂಮಿ ಎಲ್ಲ ಅವರಿಗಿತ್ತು. ಇಲ್ಲದ್ದು ಮೋಟಾರು. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೊರಟು ನಿಂತಿದ್ದ ಒಬ್ಬ ಜಾಗೀರದಾರನ ಕರಿ ಮೋಟಾರು ಅವರ ಕಣ್ಣಿಗೆ ಬಿತ್ತು, ಕೈಗೂ ಸಿಕ್ಕಿತು.

ಮೋಟಾರು ಒಪ್ಪಿಸುವ ದಿನ ಜಾಗೀರದಾರನ ಮುನ್ಷಿ ಕಣ್ಣೀರು ಒರೆಸಿಕೊಳ್ಳುತ್ತ ಅದರ ಮೈ ಸವರಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಬುದ್ಧಿ ಹೇಳಿದ. "ದಿನಾ ಮುಂಜಾನಿ ರೇಡಿಯೇಟರಿನ್ಯಾಗ ನೀರ ಅದಾವೇನು ನೋಡ್ರಿ. ಈ ಕಡ್ಡಿ ಎತ್ತಿ ಇಂಜಿನ್ನಿನ ಎಣ್ಣಿ ಎಷ್ಟದ ನೋಡ್ರಿ. ಎಣ್ಣಿ ಹಳೇದಾತು ಅಂದ್ರ ಪೂರಾ ಬಸದು ಚೆಲ್ಲಿ ಹೊಸಾದು ಹಾಕ್ರಿ. ಧೂಳ ಬಾಳ ಇರೂ ರಸ್ತಾ ನಮ್ದು, ಗಾಳಿ ಎಳಕೊಳ್ಳೋ ಡಬ್ಬಿ ತೊಳೀರಿ. ಮತ್ತ ಎಣ್ಣಿ ಅಂದ್ರ ಯಾವುದಾರೆ ಎಣ್ಣಿ ಅಲ್ಲ..."

"ಗೊತ್ತದರಿ, ಗೊತ್ತದ," ಎಂದ ಹುಲಗಪ್ಪ. ಸಾಹುಕಾರರ ಮುಂದೆ ಒಬ್ಬ ಮುನ್ಷಿಯಿಂದ ಪಾಠ ಹೇಳಿಸಿಕೊಳ್ಳುವುದು ಅವನ ಕೋಟಿಗೆ ಒಪ್ಪುವ ಮಾತಲ್ಲ. "ಲಾರಿ ಪಳಗಿಸಿದ ಕೈ ಇದು. ನನಗ ಹೇಳಬ್ಯಾಡ್ರಿ."

ಮುನ್ಷಿ ಬಾಯಿ ಮುಚ್ಚಿಕೊಂಡ. ಪಾಪದವನಿಗೆ ಹೇಳುವುದಕ್ಕೆ ಇನ್ನೂ ಒಂದೆರಡು ಮಾತಿತ್ತು.

ಅಂದಿನಿಂದ ಮೋಟಾರಿನ ಆರೈಕೆ ಶುರುವಾಯಿತು. ಸಾಹುಕಾರರ ಕಲ್ಪನೆಯಲ್ಲಿ ಆರೈಕೆ ಅಂದರೆ ಹೊಳಪು. ದಿನಾ ಎರಡು ಹೊತ್ತು ಮೈ ಒರೆಸಬೇಕು, ಮುಖ ಕಾಣಬೇಕು. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗಬೇಕು. ಸೋಮವಾರಕ್ಕೊಮ್ಮೆ ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಬೀಳಬೇಕು. ಬಾನೆಟ್ ತೆರೆಯುವುದಕ್ಕೆ ಮಾತ್ರ ಸಾಹುಕಾರರು ಒಪ್ಪುತ್ತಿರಲಿಲ್ಲ. "ಚಂದಾಗಿ ನಡ್ಯಾಕತ್ತದ ಇಲ್ಲೋ? ಹೊಟ್ಟಿ ಬಗದು ಯಾಕ ನೋಡ್ಬೇಕು?" ಎನ್ನುತ್ತಿದ್ದರು. ಹುಲಗಪ್ಪನಿಗೂ ಅದೇ ಬೇಕಾಗಿತ್ತು. ತೆರೆದರೆ ಒಳಗೆ ಏನು ಕಾಣಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದನ್ನು ಅವನು ಯಾರಿಗೂ ಗೊತ್ತುಮಾಡಲಿಲ್ಲ. ಬಾನೆಟ್ಟಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಹೂಂ, ಇವತ್ತ ಸ್ವಲ್ಪ ಉಷ್ಣ ಆಗ್ಯದ," ಎಂದು ಹೇಳುತ್ತಿದ್ದ. ಸುತ್ತ ನಿಂತವರು ತಲೆದೂಗುತ್ತಿದ್ದರು. ಅವನ ಹೆಂಡತಿ ಕರೆಮ್ಮ ಬಾವಿಕಟ್ಟೆಯ ಮೇಲೆ ಕೊಡ ಇಟ್ಟರೆ ಉಳಿದ ಹೆಂಗಸರು ಹಗ್ಗ ಬಿಟ್ಟುಕೊಡುತ್ತಿದ್ದರು. ಡ್ರೈವರನ ಹೆಂಡತಿಗೆ ನೀರು ಸೇದಲು ಪಾಳಿ ಇರಲಿಲ್ಲ. ಹುಲಗಪ್ಪನ ಎದೆಯಲ್ಲಿ ಒಂದೇ ಒಂದು ಹೆದರಿಕೆ ಇತ್ತು. ಈ ಕೆಲಸ ಹೋದರೆ ತಿರುಗಿ ಕುರಿಯ ಹಿಂದೆ ಹೋಗಬೇಕು. ಆ ಕನಸು ಬಿದ್ದ ದಿನ ಅವನು ಬೆವತು ಎದ್ದು, ಕೋಟನ್ನು ಮುಟ್ಟಿ ನೋಡಿಕೊಂಡು ಮಲಗುತ್ತಿದ್ದ.

ಕರೆಮ್ಮನಿಗೆ ಅಮಾತೆಪ್ಪ ಎಂಬ ತಮ್ಮನಿದ್ದ. ಬಾಡಿಗೆ ಗಾಡಿ ಹೊಡೆಯುವವನು. ಒಂದು ಜೋಡಿ ಬಿಳಿ ಎತ್ತು, ಒಂದು ಗಾಡಿ, ಅಷ್ಟೇ ಅವನ ಸಂಸಾರ. ಅವನು ಅಕ್ಕನ ಮನೆಗೆ ಊಟಕ್ಕೆ ಬಂದರೆ ಹುಲಗಪ್ಪ ಮೂಗಿನ ಮೇಲೆ ಕೈ ಇಡುತ್ತಿದ್ದ. "ಅಳಿಯಾ, ದೂರ ಕುಂದ್ರಪಾ. ಎತ್ತಿನ ಬಾಲ ಹಿಡದ ಕೈ ಅದು." ಅಮಾತೆಪ್ಪ ನಕ್ಕು ದೂರ ಕೂತು ಉಣ್ಣುತ್ತಿದ್ದ. ನಗುವವನ ಮೇಲೆ ಹುಲಗಪ್ಪನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಮೋಟಾರಿನ ದನಿ ಒಡೆಯಿತು. ಏರು ಹತ್ತುವಾಗ ಒಳಗೆ ಯಾರೋ ಕುಟ್ಟಾಣಿ ಕುಟ್ಟಿದಂತೆ ಟಕಟಕ ಎನ್ನುತ್ತಿತ್ತು. ಸ್ಟೀರಿಂಗಿನ ಹಿಂದಿನ ಗಾಜಿನ ಬಿಲ್ಲೆಯಲ್ಲಿ ಒಂದು ಮುಳ್ಳು ಯಾವಾಗಲೂ ನಡುವಿನಲ್ಲಿ ನಿಲ್ಲುತ್ತಿದ್ದದ್ದು ಈಗ ಕೆಳಗೆ ಬಿದ್ದುಕೊಂಡಿತ್ತು. ಹುಲಗಪ್ಪ ಕದ್ದು ಬಾನೆಟ್ ಎತ್ತಿ, ಮುನ್ಷಿ ತೋರಿಸಿದ ಕಡ್ಡಿಯನ್ನು ಎಳೆದು ನೋಡಿದ. ಕಡ್ಡಿ ಒಣಗಿತ್ತು. ಎಣ್ಣೆ ಬೇಕೆಂಬುದು ಅವನಿಗೂ ತಿಳಿಯಿತು. ಸಾಹುಕಾರರ ಮುಂದೆ ಹೋಗಿ ಕೈಕಟ್ಟಿ ನಿಂತ.

"ಧಣಿ, ಮೋಟಾರಿಗಿ ಎಣ್ಣಿ ಬೇಕರಿ. ಹೈದರಾಬಾದಿನಿಂದ ಡಬ್ಬಿ ತರಸಬೇಕು."

"ಪೆಟ್ರೋಲ ಕುಡಸಾಕತ್ತೀವಲ್ಲೋ! ಅದರ ಮ್ಯಾಲ ಎಣ್ಣೀನೂ ಬೇಕಂತ? ಅದೇನ ಬಾಣಂತಿ ಅಂತ ತಿಳದೀಯೇನು?" ಎಂದರು ಸಾಹುಕಾರರು. ಸುತ್ತ ಕೂತವರು ನಕ್ಕರು. ಧಣಿಯ ಮಾತಿಗೆ ನಗುವುದಕ್ಕೆಂದೇ ಅವರು ಅಲ್ಲಿ ಕೂತಿದ್ದರು. ಹುಲಗಪ್ಪನೂ ನಕ್ಕು ಹೊರಗೆ ಬಂದ.

ಆ ವಾರವೇ ಕಾರಹುಣ್ಣಿಮೆ. ಸಾಹುಕಾರರ ಹಿತ್ತಿಲಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಅರಿಶಿನ ತುಂಬಿ, ಬಾಯಿ ಅಗಲಿಸಿ ಗಂಟಲಿಗೆ ಇಳಿಸುತ್ತಿದ್ದರು. ವರ್ಷವಿಡೀ ಹೊಲದಲ್ಲಿ ದುಡಿದ ಎತ್ತು ಗೊಟ್ಟ ಬಿದ್ದ ಮೇಲೆ ಮೈ ಕೊಡವಿ, ಕಣ್ಣರಳಿಸಿ ನಿಲ್ಲುತ್ತಿತ್ತು. ಹುಲಗಪ್ಪ ನೋಡುತ್ತ ನಿಂತ. ಕುರಿಗೆ ಹೊಟ್ಟೆ ಉಬ್ಬಿದರೆ ಅವನಪ್ಪ ಹಾಕುತ್ತಿದ್ದದ್ದು ಗೊಟ್ಟ, ಎತ್ತು ಸೊರಗಿದರೆ ಊರವರು ಹಾಕುತ್ತಿದ್ದದ್ದು ಗೊಟ್ಟ. ಮೋಟಾರು ಮಾಡಿದ ಪಾಪವೇನು? ಗಾಣದಲ್ಲಿ ಕುಸುಬಿ ಎಣ್ಣೆ ಹಂಡೆಗಟ್ಟಲೆ ಇತ್ತು. ಬುದ್ಧಿ ಹೊಳೆದ ಸಂತೋಷಕ್ಕೆ ಅವನಿಗೆ ಮೈ ನವಿರೆದ್ದಿತು.

ಎಲ್ಲರೂ ಎತ್ತು ಓಡಿಸಲು ಊರಬಾಗಿಲಿನ ಅಗಸಿಯ ಕಡೆ ಹೋದಾಗ ಅವನು ಗೊಟ್ಟ ತುಂಬಿಕೊಂಡು ಮೋಟಾರಿನ ಕೊಟ್ಟಿಗೆ ಹೊಕ್ಕ. ಎಣ್ಣೆ ಹಾಕುವ ಬಾಯಿ ಹುಡುಕುವುದು ಸ್ವಲ್ಪ ತಡವಾಯಿತು, ಸಿಕ್ಕಿತು. ಒಂದು ಗೊಟ್ಟ ಹಾಕಿದ, ಎರಡು ಹಾಕಿದ, ಕಡ್ಡಿ ತುಂಬಾ ಎಣ್ಣೆ ಹತ್ತುವವರೆಗೂ ಹಾಕಿದ. ಹಳೆಯದನ್ನು ಬಸಿದು ಚೆಲ್ಲಬೇಕೆಂದು ಮುನ್ಷಿ ಹೇಳಿದ್ದು ನೆನಪಾಯಿತು. ಆದರೆ ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ತೆಗೆಸಿ ಗೊಟ್ಟ ಹಾಕಿದವರನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಒಂದು ಚಿಟಿಕೆ ಅರಿಶಿನ ಉದುರಿಸಿದ. ಅವನ ಊರ ಕಡೆ ತತ್ತಿಯನ್ನೂ ಒಡೆದು ಹಾಕುವ ರೂಢಿ ಇತ್ತು. ತತ್ತಿ ಕೈಯಲ್ಲಿ ಹಿಡಿದು ಯೋಚನೆ ಮಾಡಿದ. ಸಾಹುಕಾರರು ಲಿಂಗ ಕಟ್ಟಿದವರು. ಅವರ ಮೋಟಾರಿನ ಜಾತಿ ಕೆಡಿಸಬಾರದೆಂದು ತತ್ತಿಯನ್ನು ಬಿಟ್ಟ. ಅಷ್ಟು ವಿವೇಕ ಅವನಿಗಿತ್ತು.

ಮರುದಿನ ಮೋಟಾರು ಶುರುವಾಯಿತು. ಟಕಟಕ ಇಲ್ಲ, ಕುಟ್ಟಾಣಿ ಇಲ್ಲ. ಮುಳ್ಳು ಮೇಲೆದ್ದು ನಿಂತಿತ್ತು. ಹುಲಗಪ್ಪ ಸ್ಟೀರಿಂಗಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಸಾಹುಕಾರರು ಬೆನ್ನು ತಟ್ಟಿದರು. "ನೋಡಿದೇನ? ಹೈದರಾಬಾದಿನ ಡಬ್ಬಿ ಬೇಕಂತಿದ್ದಿ. ಸುಮ್ನ ಇದ್ರ ತಾನ ಆರಾಮಾಗ್ತದ." ಹುಲಗಪ್ಪ ತುಟಿ ಬಿಚ್ಚಲಿಲ್ಲ. ಔಷಧದ ಗುಟ್ಟು ವೈದ್ಯ ಹೇಳುತ್ತಾನೆಯೆ?

ಅಲ್ಲಿಂದ ಮಳೆಗಾಲವೆಲ್ಲ ಕಡ್ಡಿ ಒಣಗಿದಾಗಲೆಲ್ಲ ಗೊಟ್ಟ ಬಿತ್ತು. ಒಂದೇ ಒಂದು ವ್ಯತ್ಯಾಸ ಕಂಡಿತು. ಮೋಟಾರು ಹೋದ ದಾರಿಯಲ್ಲಿ ಮಿರ್ಚಿ ಭಜಿ ಕರಿದ ವಾಸನೆ ತುಂಬಿಕೊಳ್ಳುತ್ತಿತ್ತು. ಬೀದಿ ನಾಯಿಗಳು ಹಿಂದೆ ಹತ್ತುತ್ತಿದ್ದವು. ಶಾಲೆಯ ಮಾಸ್ತರರು ಪಾಠದ ನಡುವೆ ಮೂಗರಳಿಸಿ ಊಟದ ಗಂಟೆ ಬಾರಿಸುತ್ತಿದ್ದರು. ಇದು ಭಗವಂತರಾಯರ ಮನೆತನದ ಶ್ರೀಮಂತಿಕೆಯ ವಾಸನೆ ಎಂದು ಊರು ತೀರ್ಮಾನಿಸಿತು. ಬಡವರ ಮನೆಯಲ್ಲಿ ಹಬ್ಬಕ್ಕೊಮ್ಮೆ ಕರಿಯುತ್ತಾರೆ, ಸಾಹುಕಾರರು ದಿನಾ ಕರಿದದ್ದನ್ನೇ ಉಣ್ಣುತ್ತಾರೆ, ಅದು ಮೋಟಾರಿಗೂ ಅಡರಿದೆ ಎಂದರು.

ಅಷ್ಟರಲ್ಲಿ ಮೊದಲ ಚುನಾವಣೆ ಬಂತು. ನಾಡಿಗೆಲ್ಲ ಓಟು ಹಾಕುವ ಹಕ್ಕು ಬಂದಿತ್ತು. ಭಗವಂತರಾಯರಿಗೆ ಓಟು ಹಾಕಿಸಿಕೊಳ್ಳುವ ಹಕ್ಕು ಹುಟ್ಟುತ್ತಲೇ ಬಂದಿತ್ತು. ಅವರಿಗೆ ಪಾರ್ಟಿಯ ಟಿಕೀಟು ಬೇಕಾಗಿತ್ತು. ಪಾರ್ಟಿಯ ಗುರುತು ನೊಗ ಹೊತ್ತ ಜೋಡೆತ್ತು. ಸುರಪುರದಿಂದ ಬಂದು ಶಹಾಪುರದಲ್ಲಿ ಕರಿ ಕೋಟು ತೂಗುಹಾಕಿದ್ದ ಒಬ್ಬ ವಕೀಲನಿಗೂ ಅದೇ ಟಿಕೀಟು ಬೇಕಾಗಿತ್ತು. ಯಾರಿಗೆ ಕೊಡಬೇಕೆಂದು ನೋಡಲು ಗುಲಬರ್ಗಾದಿಂದ ಪಾರ್ಟಿಯ ನಾಯಕರೊಬ್ಬರು ರೈಲಿನಲ್ಲಿ ಯಾದಗಿರಿಗೆ ಬರುವವರಿದ್ದರು. ವಕೀಲನಲ್ಲಿ ಕುದುರೆ ಟಾಂಗಾ ಇತ್ತು. ಸಾಹುಕಾರರಲ್ಲಿ ಮೋಟಾರು ಇತ್ತು. ನಾಯಕರು ಯಾರ ಗಾಡಿಯಲ್ಲಿ ಬಂದು ಶಹಾಪುರದಲ್ಲಿ ಇಳಿಯುತ್ತಾರೋ ಟಿಕೀಟು ಅವರದೇ ಎಂದು ಊರೆಲ್ಲ ಮಾತಾಡಿಕೊಂಡಿತು.

"ಲೇ ಹುಲಗ್ಯಾ," ಎಂದರು ಸಾಹುಕಾರರು ಹೊರಡುವ ಮುಂಜಾನೆ. "ಇವತ್ತ ನನ್ನ ಇಜ್ಜತ್ ನಿನ್ನ ಕೈಯಾಗ ಅದ. ಮೋಟಾರ ದಾರ್‍ಯಾಗ ನಿಂತ್ರ, ನಾಳಿಂದ ನೀ ಕುರಿ ಕಾಯಾಕ ಹೋಗು."

ಹುಲಗಪ್ಪ ಕೊಟ್ಟಿಗೆಗೆ ಓಡಿದ. ಯಾವುದಕ್ಕೂ ಇರಲೆಂದು ಎರಡು ಗೊಟ್ಟ ಹೆಚ್ಚಿಗೆ ಹಾಕಿದ.

ಯಾದಗಿರಿಗೆ ಹೋಗುವಾಗ ಮೋಟಾರು ಏದುಸಿರು ಬಿಟ್ಟಿತು, ಹೋಗಿ ಮುಟ್ಟಿತು. ಸ್ಟೇಷನ್ನಿನಲ್ಲಿ ವಕೀಲನ ಟಾಂಗಾದ ಕುದುರೆ ಹುಲ್ಲು ಮೇಯುತ್ತಿತ್ತು. ನಾಯಕರು ಮೋಟಾರು ನೋಡಿ ಅದರ ಕಡೆಗೇ ನಡೆದರು. ದೊಡ್ಡ ಹೊಟ್ಟೆ, ಸಣ್ಣ ಕಣ್ಣು, ದಪ್ಪ ಖಾದಿ. ಸೀಟು ಅವರ ಭಾರಕ್ಕೆ ಕುಂಯ್ ಎಂದಿತು. ಸಾಹುಕಾರರು ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ಕೂತರು, ಉಳಿದರ್ಧ ಭಕ್ತಿಗೆ ಬಿಟ್ಟು.

ಭೀಮೆ ದಾಟಿ ಜೋಳದ ಹೊಲಗಳ ನಡುವೆ ಬರುತ್ತಿದ್ದಂತೆ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಬರತೊಡಗಿತು. ನಾಯಕರು ಮೂಗರಳಿಸಿದರು. "ಭಗವಂತರಾಯರೇ, ಇಲ್ಲೇ ಎಲ್ಲೋ ಸನ್ಯಾಕ ಮಿರ್ಚಿ ಭಜಿ ಕರ್‍ಯಾಕತ್ಯಾರ ನೋಡ್ರಿ. ಸ್ವಲ್ಪ ನಿಲ್ಲಸ್ರಿ," ಎಂದರು. ನಿಲ್ಲಿಸುವ ತೊಂದರೆಯನ್ನು ಮೋಟಾರು ಹುಲಗಪ್ಪನಿಗೆ ಕೊಡಲಿಲ್ಲ. ಕಿರ್ರೆಂದು ಕಿರುಚಿ, ಒಮ್ಮೆ ಒದರಿ, ತಾನೇ ನಿಂತಿತು.

ಹುಲಗಪ್ಪ ಇಳಿದು ಹ್ಯಾಂಡಲ್ ಹಾಕಿದ. ಹ್ಯಾಂಡಲ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕಡ್ಡಿ ಎಳೆದ. ಕಡ್ಡಿಯ ತುದಿಗೆ ಎಣ್ಣೆಯ ಬದಲು ಬೇವಿನ ಮರದ ಅಂಟಿನಂಥ ಕಂದು ಗಂಟು ಹತ್ತಿಕೊಂಡು ಬಂತು. ತಿಂಗಳುಗಟ್ಟಲೆ ಕಾದು ಆರಿ, ಕಾದು ಆರಿ, ಕುಸುಬಿ ಎಣ್ಣೆ ಒಳಗೆಲ್ಲ ಹೆಪ್ಪುಗಟ್ಟಿತ್ತು. ತಾನು ಏನು ಮಾಡಿದ್ದೇನೆಂಬುದು ಅವನಿಗೆ ಆಗ ಸರಿಯಾಗಿ ಅರ್ಥವಾಯಿತು. ಕಡ್ಡಿಯನ್ನು ಕೋಟಿನಿಂದ ಒರೆಸಿ ತಿರುಗಿ ಒಳಗಿಟ್ಟು ಬಾನೆಟ್ ಮುಚ್ಚಿದ. "ಬಿಸಲಿಗಿ ದಣದದರಿ," ಎಂದ.

ಸಾಹುಕಾರರ ಮುಖ ನೋಡಲಾಗದಂತಿತ್ತು. ದೂರದಲ್ಲಿ ವಕೀಲನ ಟಾಂಗಾದ ಗೆಜ್ಜೆ ಕೇಳಿಸುತ್ತಿತ್ತು. ಅದು ಬಂದು ಮುಟ್ಟಿದರೆ ನಾಯಕರು ಹತ್ತಿಕೊಂಡು ಹೋಗುತ್ತಿದ್ದರು, ಟಿಕೀಟೂ ಅವರ ಹಿಂದೆಯೇ ಹೋಗುತ್ತಿತ್ತು. ಆಗ ಪಕ್ಕದ ಹೊಲದ ದಾರಿಯಿಂದ ಖಾಲಿ ಗಾಡಿ ಹೊಡೆದುಕೊಂಡು ಬಂದವನು ಅಮಾತೆಪ್ಪ. ನೋಡಿದ, ಇಳಿದ. "ಏನ್ ಮಾಮಾ, ಮೋಟಾರ ಮಕ್ಕೊಂಡದೇನು?" ಎಂದು ನಕ್ಕ.

"ನೀ ನಡೀಲೇ ನಿನ್ನ ದಾರಿ," ಎಂದ ಹುಲಗಪ್ಪ.

"ಏ, ನಿಲ್ಲೋ ನಿಲ್ಲು!" ಎಂದು ಸಾಹುಕಾರರು ಕೂಗಿದರು. "ಎತ್ತ ಬಿಚ್ಚು. ಮೋಟಾರಕ ಕಟ್ಟು. ಜಲ್ದಿ!"

ಅಮಾತೆಪ್ಪ ಗಾಡಿಯನ್ನು ಹೊಲದಂಚಿನಲ್ಲಿ ಬಿಟ್ಟು, ನೊಗ ತಂದು ಹಗ್ಗ ಹಾಕಿ ಮೋಟಾರಿನ ಮೂಗಿಗೆ ಬಿಗಿದ. ಎತ್ತುಗಳು ಒಮ್ಮೆ ಹಿಂದೆ ತಿರುಗಿ ಈ ಹೊಸ ಗಾಡಿಯನ್ನು ನೋಡಿ, ತಮಗೇನಂತೆ ಎಂದು ಹೆಜ್ಜೆ ಹಾಕಿದವು. ಸಣ್ಣ ರಸ್ತೆಯ ನಡುವೆ ಮೋಟಾರು ಹೊರಟದ್ದರಿಂದ ಹಿಂದೆ ಬಂದ ಟಾಂಗಾಕ್ಕೆ ದಾಟಿ ಹೋಗಲು ಜಾಗ ಸಿಗಲಿಲ್ಲ. ಹುಲಗಪ್ಪ ಸ್ಟೀರಿಂಗ್ ಹಿಡಿದು ಕೂತ. ಎದುರಿಗೆ ಎರಡು ಬಾಲ ಅಲ್ಲಾಡುತ್ತಿದ್ದವು. ಭೂಮಿ ಬಾಯ್ಬಿಡಬಾರದೇ ಎಂದುಕೊಂಡ. ಕರಿಭೂಮಿ, ಬೇಸಿಗೆಯಲ್ಲಾದರೆ ಬಿಡುತ್ತಿತ್ತು, ಮಳೆ ಈಗಷ್ಟೇ ಮುಗಿದಿತ್ತು.

ಶಹಾಪುರದ ಅಗಸಿಯಲ್ಲಿ ಜನ ಹಾರ ಹಿಡಿದು ನಿಂತಿದ್ದರು. ಮೋಟಾರಿನ ಮುಂದೆ ಬಿಳಿ ಎತ್ತು ಕಂಡು ಹಾರಗಳನ್ನು ಕೆಳಗಿಳಿಸಿದರು. ಸಾಹುಕಾರರು ಕಣ್ಣು ಮುಚ್ಚಿಕೊಂಡರು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು: "ಜೋಡೆತ್ತು! ಜೋಡೆತ್ತು ಬಂದಾವಲೇ!" ಕೂಗು ಸಾವಿರ ಬಾಯಿಯಾಯಿತು. ಹಾರಗಳು ಮೊದಲು ಎತ್ತಿನ ಕೊರಳಿಗೆ ಬಿದ್ದವು, ಉಳಿದದ್ದು ನಾಯಕರಿಗೆ. ಸಣ್ಣ ಕಣ್ಣಿನ ನಾಯಕರಿಗೆ ಜನರ ಮನಸ್ಸು ತಿಳಿಯುವುದು ತಡವಾಗಲಿಲ್ಲ. ಮೋಟಾರಿನ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದರು.

"ಬ್ಯಾರೆ ಮಂದಿ ಗೋಡಿ ಮ್ಯಾಲ ಎತ್ತಿನ ಚಿತ್ರ ಬರಸ್ತಾರ! ನಮ್ಮ ಭಗವಂತರಾಯರು ಜೀವಂತ ಎತ್ತ ತಂದಾರ! ಇಂಥಾ ಮೋಟಾರ ಇಟಗೊಂಡು, ಪೆಟ್ರೋಲ ಬಿಟ್ಟು, ರೈತನ ಎತ್ತಿಗಿ ತಲಿ ಬಾಗಿಸ್ಯಾರ! ಇದಕ್ಕಿಂತ ತ್ಯಾಗ ಇನ್ನೇನ ಬೇಕರೆಪಾ?"

ಭಗವಂತರಾಯರು ಕಣ್ಣು ಬಿಟ್ಟರು. ತಾವು ತ್ಯಾಗ ಮಾಡಿದ್ದು ಅವರಿಗೂ ಆಗಲೇ ಗೊತ್ತಾದದ್ದು. ಕೈಮುಗಿದು ನಿಂತು ಅತ್ತುಬಿಟ್ಟರು. ಟಿಕೀಟು ಅಲ್ಲಿಯೇ, ಆ ಅಗಸಿಯಲ್ಲೇ ಅವರದಾಯಿತು. ವಕೀಲನ ಟಾಂಗಾ ಜನರ ಹಿಂದೆ ಸಿಕ್ಕಿಕೊಂಡು ಒಳಗೆ ಬರಲಿಕ್ಕೂ ದಾರಿ ಸಿಗಲಿಲ್ಲ.

ಕೆಲಸ ಉಳಿಯಿತೆಂದು ಹುಲಗಪ್ಪ ಉಸಿರು ಬಿಟ್ಟ. ಆದರೆ ಮೂರನೆಯ ದಿನ ಯಾದಗಿರಿಯಿಂದ ಗುರಪ್ಪ ಎಂಬ ಮಿಸ್ತ್ರಿ ಹತಾರದ ಚೀಲ ಹೊತ್ತುಕೊಂಡು ಬಂದು ಸಾಹುಕಾರರ ಪಡಸಾಲೆಯಲ್ಲಿ ಕೂತಿದ್ದ. "ಇಂಜಿನ್ ಬಿಚ್ಚಿ ನೋಡ್ತೀನ್ರಿ. ಯಾಕ ನಿಂತದ, ಯಾರ ಏನ ಮಾಡ್ಯಾರ, ಎಲ್ಲಾ ಒಳಗ ಗೊತ್ತಾಗ್ತದ," ಎನ್ನುತ್ತಿದ್ದ. ಒಳಗಿನ ಅಂಟು ಕಂಡರೆ ಗೊಟ್ಟದ ಕಥೆ ಹೊರಗೆ ಬರುತ್ತದೆ; ಬಂದರೆ ಕುರಿ. ಹುಲಗಪ್ಪ ಸಾಹುಕಾರರ ಕಿವಿಯ ಹತ್ತಿರ ಬಗ್ಗಿದ.

"ಧಣಿ, ತಪ್ಪ ತಿಳ್ಕೋಬ್ಯಾಡ್ರಿ. ಇಂಜಿನ್ ಯಾಕ ಬೇಕರಿ ಈಗ? ಇಂಜಿನ್ ಇದ್ದಾಗ ಯಾರಾರೆ ಕೈಮುಗದಿದ್ರೇನು? ಎತ್ತ ಕಟ್ಟಿದ ಮ್ಯಾಲ ಮಂದಿ ಕಾಲಿಗಿ ಬಿದ್ರು. ಊರೂರಿಗಿ ಹಿಂಗೇ ಹೋಗ್ರಿ. ಮೋಟಾರ ಅಂದ್ರ ಏನರಿ, ಕುಂದ್ರೂ ಜಾಗಾ. ಇಂಜಿನ್ ಸುಮ್ನ ಸಪ್ಪಳ."

ಸಾಹುಕಾರರು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಹುಲಗ್ಯಾ, ನೀ ಶಾಣ್ಯಾ ಇದ್ದೀಯೋ," ಎಂದರು. ಮಿಸ್ತ್ರಿಗೆ ಚಹಾ ಕುಡಿಸಿ ಬಂದ ದಾರಿಗೆ ಹಚ್ಚಿದರು. ಆ ದಿನ ಹುಲಗಪ್ಪ ಮನೆಗೆ ಹಾಡಿಕೊಳ್ಳುತ್ತ ಹೋದ.

ಅಮಾತೆಪ್ಪ ಎತ್ತುಗಳ ಸಮೇತ ಸಾಹುಕಾರರ ಕೆಲಸಕ್ಕೆ ಬಂದ. ಎರಡು ಊರು ತಿರುಗಿದ ಮೇಲೆ, "ಧಣಿ, ಬಾಳ ಭಾರ ಆಗ್ತದ್ರಿ. ಎತ್ತ ಉಳಿಯಂಗಿಲ್ಲ," ಎಂದ. ಕಮ್ಮಾರ ಮೌನಪ್ಪನನ್ನು ಕರೆಸಿದರು. ಅವನು ಮೋಟಾರನ್ನು ಸುತ್ತಿ ಬಂದು, "ಭಾರ ಎಲ್ಲಾ ಮೂಗಿನ್ಯಾಗ ಅದರಿ," ಎಂದು ಬಾನೆಟ್ ತಟ್ಟಿದ.

"ಅದು ಇಂಜಿನ್ ಅದಪಾ," ಎಂದ ಹುಲಗಪ್ಪ.

"ಸುಮ್ನ ಸಪ್ಪಳ ಅಂದಿದ್ಯಲ್ಲೋ," ಎಂದರು ಸಾಹುಕಾರರು. "ತಗೀರಿ."

ಮೌನಪ್ಪ ಬಿಚ್ಚಿದ. ಆಳುಗಳು ಬಡಿಗೆಗೆ ಹಗ್ಗ ಹಾಕಿ ಇಂಜಿನ್ನನ್ನು ಹೊತ್ತು ಗಾಣದ ಹಿಂದೆ ಒಗೆದರು. ಖಾಲಿಯಾದ ಜಾಗದಲ್ಲಿ ಹಾರ, ಪತಾಕೆ, ಸಾಹುಕಾರರ ಎಲೆಯಡಿಕೆಯ ಚೀಲ ಇಟ್ಟರು. ಇಂಜಿನ್ನಿನ ಗುಟ್ಟು ಸದ್ಯ ಯಾರಿಗೂ ತಿಳಿಯಲಿಲ್ಲವೆಂದು ಹುಲಗಪ್ಪ ಸಮಾಧಾನ ತಂದುಕೊಂಡ. ಮೌನಪ್ಪನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಹಗ್ಗ ಹಾಕಿ ಎಳೆದರೆ ಮೋಟಾರು ಇಳಿಜಾರಿನಲ್ಲಿ ಎತ್ತಿನ ಕಾಲಿಗೆ ಬಂದು ಬಡಿಯುತ್ತದೆಂದು ಒಂದು ಉದ್ದನೆಯ ಮರವನ್ನು ಮುಂದಿನ ಗಾಲಿಗಳಿಗೆ ಕೂಡಿಸಿ ಅದರ ತುದಿಗೆ ನೊಗ ಇಟ್ಟ. ಎತ್ತು ಯಾವ ಕಡೆ ತಿರುಗಿದರೂ ಗಾಲಿಯೂ ಆ ಕಡೆ. ಒಳಗೆ ಸ್ಟೀರಿಂಗ್ ಯಾರೂ ಮುಟ್ಟದಿದ್ದರೂ ತಾನೇ ತಿರುಗುತ್ತಿತ್ತು.

ಸಾಹುಕಾರರು ಅದನ್ನು ನೋಡಿ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ ಹುಲಗಪ್ಪನ ಕಡೆ ತಿರುಗಿದರು.

"ಹಂಗಾದ್ರ ಹುಲಗ್ಯಾ, ನೀ ಇನ್ನ ಏನ್ ಮಾಡ್ತಿ?"

"ಏನಂದ್ರಿ ಧಣಿ?"

"ಎತ್ತ ಎಳೀತಾವ. ಅಮಾತೆಪ್ಪ ಹೊಡೀತಾನ. ಗಾಲಿ ತಾನ ತಿರಗ್ತದ. ನೀ ಕುಂತ್ರ ಸುಮ್ನ ಎತ್ತಿಗಿ ಭಾರ. ನಾಳಿಂದ ಬರಬ್ಯಾಡ. ಕೋಟ ಅಮಾತೆಪ್ಪಗ ಕೊಟ್ಟು ಹೋಗು."

ಹುಲಗಪ್ಪ ಸಾಹುಕಾರರ ಕಾಲು ಹಿಡಿದುಕೊಂಡ. "ಧಣಿ, ಇಂಜಿನ್ ತಿರುಗಿ ಕುಂದರಸ್ರಿ. ಮಿಸ್ತ್ರಿನ ಕರಸ್ರಿ, ಬಿಚ್ಚಿ ನೋಡ್ಲಿ. ಅಂಟ ತಗದ್ರ ನಡೀತದ್ರಿ ಅದು."

"ಯಾವ ಅಂಟೋ?"

ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಹೇಳಿದರೆ ಮೆಚ್ಚುಗೆಯಾದರೂ ಸಿಕ್ಕೀತೆಂದು ಅವನ ತಲೆಗೆ ಹೊಳೆಯಿತು. ಎದ್ದು ನಿಂತು ಎದೆ ಸೆಟೆಸಿದ. "ಕಾರಹುಣ್ಣಿವಿ ದಿನ ಮೋಟಾರಕ್ಕ ಕುಸುಬಿ ಎಣ್ಣಿ ಗೊಟ್ಟ ಹಾಕ್ದಾಂವ ನಾನೇರಿ. ಅದರಿಂದ ಇಂಜಿನ್ ಹಿಡೀತು. ಇಂಜಿನ್ ಹಿಡದದ್ದಕ್ಕ ಎತ್ತ ಬಂದ್ವು. ಎತ್ತ ಬಂದದ್ದಕ್ಕ ಟಿಕೀಟ ಬಂತು. ಖರೇ ಅಂದ್ರ ನಿಮ್ಮ ಟಿಕೀಟ ತಂದಾಂವ ನಾನೇರಿ!"

ಪಡಸಾಲೆಯಲ್ಲಿ ಕೂತವರು ನಗಬೇಕೋ ಬೇಡವೋ ತಿಳಿಯದೆ ಧಣಿಯ ಮುಖ ನೋಡಿದರು. ಸಾಹುಕಾರರು ಗಾದಿಯ ಮೇಲೆ ಬಿದ್ದು ಬಿದ್ದು ನಕ್ಕರು. ಎಲ್ಲರೂ ನಕ್ಕರು. ಹುಲಗಪ್ಪನೂ ಆಸೆಯಿಂದ ನಕ್ಕ.

"ಬಾಳ ಉಪಕಾರ ಆತಪಾ," ಎಂದರು ಸಾಹುಕಾರರು ಕಣ್ಣೊರೆಸಿಕೊಂಡು. "ಆದ್ರ ನೀ ಈಗಿಂದೀಗ ಹೋಗಿಬಿಡು. ಇಲ್ಲೇ ಇದ್ರ ನಾಳಿ ನನಗೂ ಗೊಟ್ಟ ಹಾಕ್ತಿ."

ಕೋಟು ಅಮಾತೆಪ್ಪನ ಮೈಗೆ ಸ್ವಲ್ಪ ಬಿಗಿಯಾಯಿತು. ಅವನು ತೊಡಲು ಒಲ್ಲೆನೆಂದ, ಸಾಹುಕಾರರು ತೊಡಿಸಿದರು. ಕರೆಮ್ಮ ಒಂದು ದಿನ ಅತ್ತಳು. ಮರುದಿನ ಬಾವಿಕಟ್ಟೆಯ ಮೇಲೆ, "ಧಣೇರ ಮೋಟಾರ ಹೊಡ್ಯಾಂವ ನನ್ನ ತಮ್ಮ," ಎಂದಳು. ಹೆಂಗಸರು ಮತ್ತೆ ಹಗ್ಗ ಬಿಟ್ಟುಕೊಟ್ಟರು.

ಓಟಿನ ದಿನ ಹತ್ತಿರ ಬಂದಾಗ ಭಗವಂತರಾಯರ ಮೆರವಣಿಗೆ ಬಜಾರದಲ್ಲಿ ಹಾದು ಸುರಪುರದ ರಸ್ತೆಗೆ ಹೊರಟಿತು. ಹುಲಗಪ್ಪ ಅಪ್ಪನ ಕಂಬಳಿ ಹೊದ್ದು ಅಂಗಡಿಯೊಂದರ ಪಕ್ಕದಲ್ಲಿ ನಿಂತಿದ್ದ. ಮರುದಿನ ಕುರಿ ಹೊಡೆದುಕೊಂಡು ಅಡವಿಗೆ ಹೋಗುವವನು. ಜೋಡೆತ್ತು ಬಂದವು, ಪಕ್ಕದಲ್ಲಿ ಹಗ್ಗ ಹಿಡಿದು ಖಾಕಿ ಕೋಟಿನ ಅಮಾತೆಪ್ಪ. ಹಿಂದೆ ಮೇಲಿನ ಹೊದಿಕೆ ಮಡಚಿದ ಕರಿ ಮೋಟಾರು ಬಂತು. ಒಳಗಿನಿಂದ ಯಾವ ಸಪ್ಪಳವೂ ಇಲ್ಲ. ಸಾಹುಕಾರರು ಕೈಮುಗಿದು ನಿಂತಿದ್ದರು. ಅವರ ಮುಂದೆ ಡ್ರೈವರನ ಸೀಟು ಖಾಲಿ, ಅದರೆದುರು ಸ್ಟೀರಿಂಗ್ ತನ್ನಷ್ಟಕ್ಕೆ ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು. ಹುಲಗಪ್ಪನ ಕೈಗಳು ಕಂಬಳಿಯೊಳಗೆ ತಾವಾಗಿಯೇ ಅದರ ಜೊತೆ ತಿರುಗಿದವು.

ಮಗ್ಗುಲಲ್ಲಿ ಮೇವಿನ ಹೊರೆ ಇಳಿಸಿಕೊಂಡು ನಿಂತಿದ್ದ ಗೊಲ್ಲಾಳಮ್ಮ ಎಂಬ ಮುದುಕಿ ಅವನ ತೋಳು ತಿವಿದಳು. "ಒಳಗ ಕುಂತು ನಡಸಾಂವ ಯಾರೂ ಕಾಣವಲ್ರಲ್ಲಪಾ?"

"ಯಾರೂ ಇಲ್ಲಬೇ."

"ಯಾರೂ ಇಲ್ದ ಹೆಂಗ ಹೊಂಟದ ಅದು?"

"ಮಂದಿ ದಾರಿ ಬಿಟ್ಟಾರಲ್ಲ, ಹೊಂಟದ," ಎಂದ ಹುಲಗಪ್ಪ. ಮೋಟಾರು ಹತ್ತಿರ ಬಂತು. ಅವನೂ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.